ಗಾಜಿನ ಅಂಬಲಿ ಮೀನು: ಜೀವಶಾಸ್ತ್ರದ ತರಗತಿಗೊಂದು ಮಾದರಿ ಮಾಡುವ ಬಗೆ

ಪ್ರಥಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಆರೀಲಿಯ ಮತ್ತು ಅಡಾಮ್ಸಿಯ ಅಕ್ಕಪಕ್ಕದ ಗೆರೆಚಿತ್ರಗಳಾಗಿ ಬರುತ್ತವೆ. ಒಂದು ಅಂಬಲಿ ಮೀನು, ಇನ್ನೊಂದು ಕಡಲ ಹೂ (ಸೀ ಅನಿಮೋನ್) ಎಂಬ ಪ್ರಾಣಿ. ಮೈಸೂರಿನಿಂದ ಮಂಗಳೂರಿನ ಕಡಲಿಗೆ ಸುಮಾರು 250 ಕಿ.ಮೀ.; ಮಂಡ್ಯದ ಹುಡುಗರಿಗೆ ಇನ್ನಷ್ಟು ದೂರ. ಲ್ಯಾಬಿನ ಬೀರುವಿನಲ್ಲಿ ಫಾರ್ಮಲಿನ್ ಬಾಟಲಿ ಇದ್ದರೂ ಒಳಗಿರುವುದು ಬಿಳಿಚಿಕೊಂಡು ತಳ ಹಿಡಿದ ಮುದ್ದೆ. ಅಂಬಲಿ ಮೀನಿನ ಮೈಯಲ್ಲಿ ನೂರಕ್ಕೆ 95ರಷ್ಟು ನೀರೇ. ಕಡಲಿನಿಂದ ಎತ್ತಿದ ಕೂಡಲೇ ಕೊಡೆ ಕುಸಿಯುತ್ತದೆ, ಬಾಟಲಿಗೆ ಹೋದಮೇಲೆ ಬಣ್ಣವೂ ಹೋಗುತ್ತದೆ. ನೋಡಿದವರಿಗೆ ಹೆಸರಿನ ಅರ್ಧ ಮಾತ್ರ ನಿಜವೆನಿಸುತ್ತದೆ: ಅಂಬಲಿ ಹೌದು, ಪ್ರಾಣಿ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಂಗ್ರಹಾಲಯಗಳಿಗೂ ಇದೇ ತಲೆನೋವಿತ್ತು. ಅದಕ್ಕೆ ದಾರಿ ತೋರಿಸಿದವರು ಲಿಯೋಪೋಲ್ಡ್ ಬ್ಲಾಷ್ಕಾ (1822–1895) ಮತ್ತು ಮಗ ರುಡಾಲ್ಫ್ (1857–1939). ಬೊಹೀಮಿಯದ ಗಾಜಿನ ಕಸುಬಿನ ಮನೆತನ; ಗಾಜಿನ ಕಣ್ಣುಗಳನ್ನೂ ಮಾಡುತ್ತಿದ್ದರು. 1853ರಲ್ಲಿ ಲಿಯೋಪೋಲ್ಡ್ ಅಮೆರಿಕಕ್ಕೆ ಹೊರಟಿದ್ದ ಹಡಗು ಗಾಳಿಯಿಲ್ಲದೆ ಅಟ್ಲಾಂಟಿಕ್ ನಡುವೆ ನಿಂತುಹೋಯಿತು. ಆಗ ಅವರು ನೀರಿನಲ್ಲಿ ಕಂಡ ಅಂಬಲಿ ಮೀನುಗಳ ಚಿತ್ರ ಬರೆದುಕೊಂಡರು. 1863ರಲ್ಲಿ ಡ್ರೆಸ್ಡೆನ್ ಸಂಗ್ರಹಾಲಯಕ್ಕೆ ಗಾಜಿನ ಕಡಲ ಹೂಗಳನ್ನು ಮಾಡಿಕೊಟ್ಟರು. 1888ರ ಮಾರಾಟ ಪಟ್ಟಿಯಲ್ಲಿ 700 ಬಗೆಯ ಮಾದರಿಗಳಿದ್ದವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1885ರಲ್ಲಿ ಪಾಠಕ್ಕೆಂದೇ ಸುಮಾರು 570 ಮಾದರಿಗಳನ್ನು ತರಿಸಿಕೊಂಡಿತು. 1890ರಲ್ಲಿ ಹಾರ್ವರ್ಡ್ ಅವರನ್ನು ಗಾಜಿನ ಹೂಗಿಡಗಳ ಕೆಲಸಕ್ಕೆ ಪೂರ್ತಿ ಕಟ್ಟಿಹಾಕಿದ ಮೇಲೆ ಕಡಲ ಜೀವಿಗಳ ಕೆಲಸ ನಿಂತಿತು.

ಅವರ ಕೆಲಸದಲ್ಲಿ ನಮಗೆ ಬೇಕಾದ ಗುಟ್ಟು ಒಂದಿದೆ. ಅವರು ಎಲ್ಲವನ್ನೂ ಬೆಂಕಿಯಲ್ಲೇ ಮಾಡಿ ಮುಗಿಸುತ್ತಿರಲಿಲ್ಲ. ಬಿಸಿಯಲ್ಲಿ ಆಗುವುದನ್ನು ಬಿಸಿಯಲ್ಲಿ ಮಾಡಿ, ಉಳಿದದ್ದನ್ನು ತಣ್ಣಗೆ ಅಂಟಿನಿಂದ ಸೇರಿಸಿ, ತಂತಿ ಕೊಟ್ಟು, ಮೇಲೆ ಬಣ್ಣ ಬಳಿಯುತ್ತಿದ್ದರು. ಈ ಮಾದರಿಯೂ ಅದೇ ದಾರಿಯದು. 60 ಮಿ.ಮೀ. ಅಗಲದ ಆರೀಲಿಯ, ಮರಿ ಅಂಬಲಿ ಮೀನಿನ ನಿಜಗಾತ್ರವೇ ಅಷ್ಟಿರುತ್ತದೆ.

ಮೊದಲು ಲೆಕ್ಕ, ಆಮೇಲೆ ಬೆಂಕಿ

ಮಾದರಿ ಚೆನ್ನಾಗಿ ಕಂಡು ಎಣಿಕೆ ತಪ್ಪಿದ್ದರೆ ಅದು ಶೋಕೇಸಿನ ಗೊಂಬೆ, ಪಾಠದ ವಸ್ತುವಲ್ಲ. ಆರೀಲಿಯದ ಮೈ ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ನಡುವೆ ಬಾಯಿ, ಅದರಿಂದ ಇಳಿಯುವ ನಾಲ್ಕು ಬಾಯಿತೋಳು, ಕುದುರೆ ಲಾಳದ ಆಕಾರದ ನಾಲ್ಕು ಜನನಗ್ರಂಥಿ, ಅಂಚಿನಲ್ಲಿ ಎಂಟು ಸಂವೇದನಾಂಗ, ನಡುವಿನಿಂದ ಅಂಚಿಗೆ ಹೋಗುವ ಹದಿನಾರು ನಾಳ. ನಾಳಗಳಲ್ಲಿ ಎಂಟು ಕವಲೊಡೆಯುತ್ತವೆ, ಎಂಟು ನೇರ ಹೋಗುತ್ತವೆ, ಒಂದು ಬಿಟ್ಟು ಒಂದರಂತೆ. ಸಂವೇದನಾಂಗಗಳು ಕವಲೊಡೆದ ನಾಳಗಳ ತುದಿಗೇ ಬರುತ್ತವೆ.

ಹೆಚ್ಚಿನವರು ಎಡವುವುದು ತೋಳಿನ ಜಾಗದಲ್ಲಿ. ಬಾಯಿತೋಳುಗಳು ಜನನಗ್ರಂಥಿಗಳ ನೇರಕ್ಕೆ ಇರುವುದಿಲ್ಲ, ಎರಡು ಗ್ರಂಥಿಗಳ ನಡುವಿನ ಸಂದಿಯಲ್ಲಿರುತ್ತವೆ. ಲಾಳದ ತೆರೆದ ಬಾಯಿ ನಡುವಿನ ಕಡೆಗೆ ತಿರುಗಿರಬೇಕು. ದಪ್ಪ ಕಾಗದದ ಮೇಲೆ 60 ಮಿ.ಮೀ. ವೃತ್ತ ಬರೆದು, 22.5 ಡಿಗ್ರಿಗೊಂದರಂತೆ ಹದಿನಾರು ಗೆರೆ ಎಳೆದು, ಒಂದೊಂದು ಗೆರೆಯ ತುದಿಗೂ ಅಲ್ಲಿ ಏನು ಬರಬೇಕೆಂದು ಬರೆದಿಟ್ಟುಕೊಳ್ಳಿ. ಕೊನೆಯವರೆಗೂ ಈ ಹಾಳೆ ಮೇಜಿನ ಮೇಲಿರಲಿ.

ನಿಜವಾದ ಆರೀಲಿಯದ ಅಂಚಿನ ಕರಬಳ್ಳಿಗಳು ನೂರಾರು. ಮಾದರಿಯಲ್ಲಿ 64 ಸಾಕು, ಎರಡು ಸಂವೇದನಾಂಗಗಳ ನಡುವೆ ಎಂಟರಂತೆ. ಎಣಿಕೆ ಇಳಿಸಿದ್ದೇವೆ ಎಂಬುದನ್ನು ಚೀಟಿಯಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ‘64 ಕರಬಳ್ಳಿ’ ಎಂದು ಉತ್ತರ ಪತ್ರಿಕೆಗಳಲ್ಲಿ ಬಂದು ಕೂರುತ್ತದೆ.

ಸಾಮಾನು

ಲ್ಯಾಬ್ ಗಾಜು ಮಾರುವವರಲ್ಲಿ ಸಿಗುವ ಬೊರೊಸಿಲಿಕೇಟ್ 3.3 ಗಾಜನ್ನೇ ತನ್ನಿ. ಹೊರ ಅಗಲ 25 ಮಿ.ಮೀ., ಗೋಡೆ 1.8 ಮಿ.ಮೀ. ಇರುವ ಕೊಳವೆ ಅರ್ಧ ಮೀಟರ್, 6 ಮಿ.ಮೀ. ಕಡ್ಡಿ ಒಂದು ಮೀಟರ್, 4 ಮಿ.ಮೀ. ಕಡ್ಡಿ ಅರ್ಧ ಮೀಟರ್. ಇದರಲ್ಲಿ ಒಂದೆರಡು ಕೆಟ್ಟರೂ ಇನ್ನೊಂದು ಮಾಡಲು ಉಳಿಯುತ್ತದೆ. ಎಲ್‌ಪಿಜಿ ಮತ್ತು ಆಮ್ಲಜನಕ ಎರಡೂ ಕೂಡಿ ಉರಿಯುವ ಬರ್ನರ್ ಬೇಕು. ಎಲ್‌ಪಿಜಿ ಮತ್ತು ಗಾಳಿಯ ಉರಿಗೆ ಈ ಗಾಜು ಸರಿಯಾಗಿ ಕರಗದು, ಮೆತ್ತಗಾಗಲು 820 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಗ್ರಾಫೈಟ್ ಹಲಗೆ, ಉದ್ದ ಚಿಮಟ, ವಜ್ರದ ಪುಡಿ ಹಚ್ಚಿದ ಸಣ್ಣ ಕತ್ತರಿ ಚಕ್ರ, 220 ಮತ್ತು 400 ನಂಬರಿನ ಕಾರ್ಬೊರಂಡಮ್ ಪುಡಿ, ಸೋಡಿಯಂನ ಹಳದಿ ಬೆಳಕನ್ನು ತಡೆಯುವ ಡಿಡಿಮಿಯಂ ಕನ್ನಡಕ. ರಸಾಯನಶಾಸ್ತ್ರ ವಿಭಾಗದ ಮಫಲ್ ಫರ್ನೇಸ್ ಎರಡು ಮೂರು ದಿನ ಸಿಕ್ಕರೆ ಬೇರೆ ಭಟ್ಟಿ ಬೇಡ.

ಇನ್ನು ಬಳೆ. ತಿಳಿಗುಲಾಬಿ ಅಥವಾ ನೇರಳೆ ಬಣ್ಣದ ಸಾದಾ ಗಾಜಿನ ಬಳೆ ನಾಲ್ಕು, ದೇವರಾಜ ಮಾರುಕಟ್ಟೆಯ ಹತ್ತಿರದ ಯಾವ ಬಳೆ ಅಂಗಡಿಯಾದರೂ ಆದೀತು. ಜನನಗ್ರಂಥಿಗೆ ಬೇಕಾದ ಬಣ್ಣದ ಗಾಜು ಇದೇ. ಚಿನ್ನದ ಗೀರು, ಮಿನುಗು, ಕಲ್ಲು ಇರುವುದು ಬೇಡ; ಆ ಲೇಪ ಉರಿಯಲ್ಲಿ ಹೊಗೆಯಾಗಿ ಗಾಜಿಗೆ ಕಪ್ಪು ಹಿಡಿಸುತ್ತದೆ. ಬಳೆಯ ಗಾಜನ್ನು ಬೊರೊಸಿಲಿಕೇಟಿಗೆ ಬಿಸಿಯಲ್ಲಿ ಎಂದೂ ಬೆಸೆಯಬೇಡಿ. ಬಿಸಿಗೆ ಹಿಗ್ಗುವುದರಲ್ಲಿ ಎರಡಕ್ಕೂ ಸುಮಾರು ಮೂರು ಪಟ್ಟು ಅಂತರ. ಬೆಸೆದಾಗ ಚೆನ್ನಾಗಿಯೇ ಕೂತು, ಆರುವಾಗ ‘ಟಪ್’ ಎಂದು ಬಿಡುತ್ತದೆ. ತಣ್ಣಗೆ ಅಂಟಿಸಿದರೆ ಈ ಜಗಳವೇ ಇಲ್ಲ.

ಸುರಕ್ಷತೆಯ ಮಾತು ಚುಟುಕಾಗಿ: ಸಿಲಿಂಡರುಗಳು ಗೋಡೆಗೆ ಸರಪಳಿ ಹಾಕಿ ನಿಂತಿರಲಿ, ಎರಡೂ ಕೊಳವೆಗೆ ಉರಿ ಹಿಂದೆ ನುಗ್ಗದಂತೆ ತಡೆಯುವ ಅರೆಸ್ಟರ್ ಇರಲಿ. ಹಚ್ಚುವಾಗ ಗ್ಯಾಸ್ ಮೊದಲು, ಆಮ್ಲಜನಕ ಆಮೇಲೆ; ಆರಿಸುವಾಗ ಆಮ್ಲಜನಕ ಮೊದಲು. ಆಮ್ಲಜನಕದ ಕೀಲಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಹತ್ತಿ ಬಟ್ಟೆ ತೊಡಿ, ಸೆರಗು ದುಪಟ್ಟಾ ಸಿಕ್ಕಿಸಿಕೊಳ್ಳಿ, ಕಿಟಕಿ ತೆರೆದಿಡಿ. ಬೆಂಕಿಯ ಕೆಲಸ ಗಾಜು ಊದಿ ಪಳಗಿದವರ ಕೈಯಲ್ಲೇ ಆಗಲಿ. ವಿದ್ಯಾರ್ಥಿಗಳು ಲೆಕ್ಕ, ಬಣ್ಣ, ಜೋಡಣೆ ಮಾಡಲಿ. ಅಲ್ಲೇ ಕಲಿಯುವುದು ಹೆಚ್ಚು.

ಕೊಡೆ

ಕೊಳವೆಯ 60 ಮಿ.ಮೀ. ಭಾಗವನ್ನು ಗುರುತು ಮಾಡಿ, ಅದರ ಎರಡೂ ಕಡೆ ಕಾಯಿಸಿ ಎಳೆದು ಸಣ್ಣ ಹಿಡಿಗಳನ್ನು ಮಾಡಿಕೊಳ್ಳಿ. ಒಂದು ಹಿಡಿಯನ್ನು ಕತ್ತರಿಸಿ ಆ ತುದಿಯನ್ನು ಗುಂಡಗೆ ಮುಚ್ಚಿ. ಇನ್ನೊಂದು ಊದಲು ತೆರೆದಿರಲಿ. ನಡುವಿನ ಗಾಜನ್ನು ತಿರುಗಿಸುತ್ತಾ ಸಮವಾಗಿ ಕಾಯಿಸಿ, ಉರಿಯಿಂದ ಹೊರಗೆ ತಂದು ಒಂದು ಉಸಿರು ಕಾದು ಊದಿ. ಒಂದೇ ಸಲಕ್ಕೆ ಆಗುವುದಿಲ್ಲ; ಮೂರ್ನಾಲ್ಕು ಸಲ ಕಾಯಿಸಿ 60 ಮಿ.ಮೀ. ಗುಂಡಿಗೆ ತನ್ನಿ. ಇಷ್ಟು ಗಾಜು ಆ ಗಾತ್ರಕ್ಕೆ ಹರಡಿದರೆ ಗೋಡೆ ಸುಮಾರು 0.7 ಮಿ.ಮೀ. ಉಳಿಯುತ್ತದೆ. ಇನ್ನೂ ಚೆಂದ ಕಾಣಲಿ ಎಂದು 80ಕ್ಕೆ ಊದಿದರೆ 0.4ಕ್ಕೆ ಇಳಿದು, ಕರಬಳ್ಳಿ ಬೆಸೆಯುವಾಗ ಅಂಚು ಕುಗ್ಗಿ ಸುಕ್ಕಾಗುತ್ತದೆ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಆಯಿತೆಂದರೆ ಕೈ ತಿರುಗಿಸುವುದು ನಿಂತಿತ್ತು ಎಂದೇ ಅರ್ಥ.

ಮುಚ್ಚಿದ ತುದಿಯನ್ನು ಮತ್ತೆ ಮೆತ್ತಗೆ ಕಾಯಿಸಿ ಗ್ರಾಫೈಟ್ ಹಲಗೆಗೆ ತಾಗಿಸಿದಷ್ಟೇ ಒತ್ತಿ. ಪೂರ್ತಿ ಗುಂಡಾಗಿದ್ದರೆ ಕೊಡೆಯೆನಿಸದು. ನೆತ್ತಿ ಸ್ವಲ್ಪ ಚಪ್ಪಟೆಯಾಗಬೇಕು. ನೆತ್ತಿಗೆ 10 ಸೆಂ.ಮೀ. ಉದ್ದದ 6 ಮಿ.ಮೀ. ಕಡ್ಡಿಯನ್ನು ಹಗುರವಾಗಿ ಬೆಸೆದು, ಎಲ್ಲವನ್ನೂ ಫರ್ನೇಸಿಗೆ ಇಡಿ.

ಗಾಜಿನ ಕೆಲಸ ಕೆಡುವುದು ಉರಿಯಲ್ಲಲ್ಲ, ಆರುವಾಗ. ಹೊರಮೈ ಬೇಗ ಆರಿ ಬಿಗಿದುಕೊಳ್ಳುತ್ತದೆ, ಒಳಗಿನ ಗಾಜು ಇನ್ನೂ ಕುಗ್ಗುತ್ತಿರುತ್ತದೆ. ಆ ಸೆಳೆತ ಒಳಗೇ ಸಿಕ್ಕಿಹಾಕಿಕೊಂಡು ಇವತ್ತಲ್ಲ ನಾಳೆ ಬಿರುಕಾಗಿ ಹೊರಬರುತ್ತದೆ. ಅದಕ್ಕೇ ಅನೀಲಿಂಗ್: 560 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ನಿಮಿಷಕ್ಕೆ 2 ಡಿಗ್ರಿಯಂತೆ 500ಕ್ಕೆ ಇಳಿಸಿ, ಆಮೇಲೆ ಫರ್ನೇಸ್ ಆರಿಸಿ ಬಿಟ್ಟುಬಿಡಿ. 100 ಡಿಗ್ರಿಗಿಂತ ಕೆಳಗೆ ಬರುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ನಡುವೆ ಕರೆಂಟು ಹೋದರೆ? 500ಕ್ಕಿಂತ ಕೆಳಗಿದ್ದಾಗ ಹೋದರೆ ಚಿಂತೆಯಿಲ್ಲ. ಅದಕ್ಕಿಂತ ಮೇಲಿದ್ದಾಗ ಹೋದರೆ ಬಾಗಿಲು ಮುಚ್ಚಿಯೇ ಇರಲಿ. ಬಂದಮೇಲೆ ಮತ್ತೆ 560ಕ್ಕೆ ಏರಿಸಿ ಮೊದಲಿನಿಂದ ಮಾಡಿ. ಎರಡು ಸಲ ಅನೀಲ್ ಆದರೆ ಗಾಜಿಗೆ ಕೇಡಿಲ್ಲ.

ಸೆಳೆತ ಉಳಿದಿದೆಯೇ ಎಂದು ನೋಡಲು ಯಂತ್ರ ಬೇಡ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಪುಟ ತೆರೆಯಿರಿ. ಆ ಬೆಳಕು ಮೊದಲೇ ಧ್ರುವೀಕರಿಸಿದ್ದು. ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಗಾಜನ್ನು ಹಿಡಿಯಿರಿ. ಕತ್ತಲಲ್ಲಿ ಎಲ್ಲಿ ಬೆಳ್ಳಗೆ ಹೊಳೆಯುತ್ತದೋ ಅಲ್ಲಿ ಸೆಳೆತವಿದೆ. ಬೆಸುಗೆಯ ಸುತ್ತ ಪ್ರಖರ ಹೊಳಪು ಕಂಡರೆ ವಾಪಸ್ ಫರ್ನೇಸಿಗೆ.

ಆರಿದ ಗುಂಡನ್ನು ಅತಿ ಅಗಲವಾದ ಜಾಗದಲ್ಲಿ ವಜ್ರದ ಚಕ್ರದಿಂದ ನೀರು ಹನಿಸುತ್ತಾ ಕತ್ತರಿಸಿ. ಒಣಗಿದ್ದಾಗ ಕತ್ತರಿಸಿದರೆ ಪುಡಿ ಶ್ವಾಸಕೋಶಕ್ಕೆ, ಬಿರುಕು ಕೊಡೆಗೆ. ದಪ್ಪ ಗಾಜಿನ ಹಲಗೆಯ ಮೇಲೆ 220ರ ಪುಡಿಯನ್ನು ನೀರಿನಲ್ಲಿ ಕಲಸಿ ಅಂಚನ್ನು ವೃತ್ತಾಕಾರವಾಗಿ ತಿಕ್ಕಿ, ಆಮೇಲೆ 400ರಲ್ಲಿ. ಪುಡಿಯ ಒಂದು ಕಣ ಉಳಿದರೂ ಉರಿಯಲ್ಲಿ ಬೂದು ಚುಕ್ಕೆಯಾಗಿ ನಿಲ್ಲುತ್ತದೆ. ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ.

ಕರಬಳ್ಳಿ

6 ಮಿ.ಮೀ. ಕಡ್ಡಿಯ ತುದಿಯನ್ನು ಕಾಯಿಸಿ 10 ಮಿ.ಮೀ. ಗುಂಡು ಕೂಡಿಸಿಕೊಳ್ಳಿ. ಚಿಮಟದಿಂದ ತುದಿ ಹಿಡಿದು, ಉರಿಯಿಂದ ಹೊರಗೆ ತಂದು, ಒಂದು ಕ್ಷಣ ತಡೆದು, ಮೆಲ್ಲಗೆ ಎಳೆಯಿರಿ. ತಡೆಯದೆ ಎಳೆದರೆ ಕೂದಲಾಗಿ ಹಾರಿಹೋಗುತ್ತದೆ. ಹೆಚ್ಚು ತಡೆದರೆ ಕಡ್ಡಿಯಾಗಿಯೇ ಉಳಿಯುತ್ತದೆ. ಹದ ಸಿಕ್ಕರೆ ಆ ಒಂದು ಗುಂಡಿನಿಂದ 1 ಮಿ.ಮೀ. ದಪ್ಪದ ಎಳೆ ಸುಮಾರು 65 ಸೆಂ.ಮೀ. ಬರುತ್ತದೆ. 25 ಮಿ.ಮೀ.ನ 64 ತುಂಡಿಗೆ 160 ಸೆಂ.ಮೀ. ಬೇಕು, ಆರಂಭ ಕೊನೆಗಳ ದಪ್ಪ ಭಾಗ ಬಿಟ್ಟರೆ ಐದು ಎಳೆತಕ್ಕೆ ಸರಿಹೋಗುತ್ತದೆ.

ಕೊಡೆಯನ್ನು ತಣ್ಣನೆಯ ಫರ್ನೇಸಿನಲ್ಲಿಟ್ಟು ನಿಮಿಷಕ್ಕೆ 10 ಡಿಗ್ರಿಯಂತೆ 560ಕ್ಕೆ ಏರಿಸಿ. ನೆತ್ತಿಯ ಕಡ್ಡಿ ಹಿಡಿದು ಹೊರತೆಗೆದು, ಅಗಲ ಉರಿಯಲ್ಲಿ ಅಂಚನ್ನು ಸುತ್ತಲೂ ಕಾಯಿಸಿ, ತಿಕ್ಕಿದ ಮಬ್ಬು ಹೋಗಿ ಹೊಳಪು ಬರಲಿ. ಎಂಟು ಸಂವೇದನಾಂಗದ ಜಾಗದಲ್ಲಿ ಚಿಮಟದ ತುದಿಯಿಂದ ಸಣ್ಣ ಕಚ್ಚು ಒತ್ತಿ. ಈಗ ಸೂಜಿಯಂತಹ ಸಣ್ಣ ಉರಿ. ಅಂಚಿನ ಒಂದು ಚುಕ್ಕೆ, ಎಳೆಯ ತುದಿ, ಎರಡೂ ಕೆಂಪಾದಾಗ ತಾಗಿಸಿ, ಕೂದಲೆಳೆಯಷ್ಟು ಒಳಕ್ಕೆ ತಳ್ಳಿ, ಮತ್ತೆ ಒಂದು ಮಿ.ಮೀ. ಹೊರಕ್ಕೆ ಎಳೆಯಿರಿ. ಈ ತಳ್ಳುವುದು ಎಳೆಯುವುದೇ ಪ್ರಾಣ. ಬರೀ ತಾಗಿಸಿ ಬಿಟ್ಟರೆ ಬುಡದಲ್ಲಿ ಚೂಪು ಮೂಲೆ ಉಳಿಯುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ಎಳೆದಾಗ ಬುಡ ಗಿಡದ ಬುಡದಂತೆ ಅಗಲವಾಗಿ ಕೂರುತ್ತದೆ.

ಎಳೆಗಳ ನಡುವೆ ಸುಮಾರು 3 ಮಿ.ಮೀ. ಜಾಗ. ಒಂದು ಸರದಿಗೆ ಹದಿನಾರಕ್ಕಿಂತ ಹೆಚ್ಚು ಬೇಡ, ಅದೂ ನಡುನಡುವೆ ಇಡೀ ಕೊಡೆಯನ್ನು ಅಗಲ ಉರಿಯಲ್ಲಿ ಸವರುತ್ತಾ. ಆಮೇಲೆ ಹತ್ತು ನಿಮಿಷ ಫರ್ನೇಸಿನಲ್ಲಿ ವಿಶ್ರಾಂತಿ. ಹೀಗೆ ನಾಲ್ಕು ಸರದಿ. ಒಂದೇ ಉಸಿರಿಗೆ ಮುಗಿಸಲು ಹೋದರೆ, ನೀವು ಐವತ್ತನೆಯದನ್ನು ಬೆಸೆಯುವಾಗ ಮೊದಲನೆಯದರ ಹತ್ತಿರ ಕೊಡೆ ಸೀಳುತ್ತದೆ. ಕೊನೆಯಲ್ಲಿ ಬಾಯಿ ಕೆಳಗೆ ಮಾಡಿ ಹಿಡಿದು, ಎಳೆಗಳ ಬುಡದಿಂದ 5 ಮಿ.ಮೀ. ಕೆಳಗೆ ಉರಿ ಸವರಿದರೆ ತಮ್ಮ ಭಾರಕ್ಕೇ ಬಾಗುತ್ತವೆ. ಎಲ್ಲವೂ ಒಂದೇ ಥರ ಬಾಗಿದರೆ ಬಾಚಣಿಗೆಯಂತೆ ಕಾಣುತ್ತದೆ, ಕೆಲವನ್ನು ಬಿಟ್ಟುಬಿಡಿ. ನೆತ್ತಿಯ ಕಡ್ಡಿಯನ್ನು ಕರಗಿಸಿ ತೆಗೆದು, ಆ ಕಲೆಯನ್ನು ಉರಿಯಲ್ಲಿ ನುಣುಪು ಮಾಡಿ, ಕೊಡೆಯನ್ನು ಚಿಮಟದಲ್ಲಿ ಫರ್ನೇಸಿಗೆ ಕಳಿಸಿ ಪೂರ್ತಿ ಅನೀಲಿಂಗ್ ಮಾಡಿ.

ತೋಳು, ಕಂಬ, ಬಳೆ

12 ಸೆಂ.ಮೀ. ಉದ್ದದ 6 ಮಿ.ಮೀ. ಕಡ್ಡಿಯೇ ಕಂಬ. ಮೇಲ್ತುದಿಯನ್ನು ಕಾಯಿಸಿ ಹಲಗೆಗೊತ್ತಿ 10 ಮಿ.ಮೀ. ಬಿಲ್ಲೆ ಮಾಡಿ; ಕೊಡೆ ಕೂರುವುದು ಇದರ ಮೇಲೆ. 4 ಮಿ.ಮೀ. ಕಡ್ಡಿಯ 50 ಮಿ.ಮೀ. ತುಂಡು ನಾಲ್ಕನ್ನು ಚಿಮಟದಿಂದ ಹಿಸುಕಿ ಪಟ್ಟಿ ಮಾಡಿ, ಒಂದಂಚನ್ನು ಚಿವುಟುತ್ತಾ ಹೋದರೆ ಲಂಗದ ಅಂಚಿನಂತೆ ನೆರಿಗೆ ಬರುತ್ತದೆ. ಬಿಲ್ಲೆಯ ಕೆಳಗೆ ನಾಲ್ಕು ದಿಕ್ಕಿಗೆ ಬೆಸೆದು ಅನೀಲ್ ಮಾಡಿ. ಕೊಡೆಯನ್ನು ಮೇಲಿನಿಂದ ತೂಗುಹಾಕದೆ ಕಂಬದ ಮೇಲೆ ಕೂರಿಸುವುದಕ್ಕೆ ಕಾರಣ ಅಂಟು. ಅದು ಮುಂದೆ ಬರುತ್ತದೆ.

ಬಳೆಯನ್ನು 35 ಮಿ.ಮೀ. ತುಂಡುಗಳಾಗಿ ಕತ್ತರಿಸಿ. ಒಂದು ತುದಿಯನ್ನು ಚಿಮಟದಲ್ಲಿ ಹಿಡಿದು, ಉರಿಯ ಮೇಲ್ತುದಿಗಿಂತಲೂ ಒಂದು ಗೇಣು ಆಚೆ ಅರ್ಧ ನಿಮಿಷ ಆಡಿಸಿ. ನೇರ ಉರಿಗೆ ಹಿಡಿದರೆ ಸಿಡಿದು ಮುಖಕ್ಕೆ ಬರುತ್ತದೆ. ಆಮೇಲೆ ನಿಧಾನವಾಗಿ ಹತ್ತಿರ ತಂದು ನಡುಭಾಗ ಮೆತ್ತಗಾದಾಗ ಇನ್ನೊಂದು ಚಿಮಟದಿಂದ ಬಗ್ಗಿಸಿ ಲಾಳ ಮಾಡಿ, ಅಗಲ 14 ಮಿ.ಮೀ. ಬಳೆ ಗಾಜಿಗೆ ಬೇರೆ ಅನೀಲಿಂಗ್: 520 ಡಿಗ್ರಿ, 20 ನಿಮಿಷ, ಹಾಗೆಯೇ ಮುಚ್ಚಿದ ಫರ್ನೇಸಿನಲ್ಲಿ ಆರಲಿ. 560ರಲ್ಲಿ ಇಟ್ಟರೆ ಲಾಳ ಕುಗ್ಗಿ ತಳಕ್ಕೆ ಅಂಟಿಕೊಳ್ಳಬಹುದು.

ಬಳೆ ಗಾಜಿಗೆ ಇನ್ನೊಂದು ಅನುಕೂಲವಿದೆ. ಬಣ್ಣ ಗಾಜಿನೊಳಗೇ ಇರುವುದರಿಂದ ಮಾಸುವುದಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲು ಛಾವಣಿಯನ್ನು ತಲೆ ಎತ್ತಿ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ.

ಬಣ್ಣ ಮತ್ತು ಅಂಟು

ನಾಳಗಳನ್ನು ಕೊಡೆಯ ಒಳಮೈಗೆ ಬರೆಯಿರಿ. ಹೊರಗಿನಿಂದ ಗಾಜಿನ ಮೂಲಕ ನೋಡಿದಾಗ ಅವು ಮೈಯೊಳಗೇ ಇರುವಂತೆ ಕಾಣುತ್ತವೆ, ಕೈ ತಾಗಿ ಸವೆಯುವುದೂ ಇಲ್ಲ. ಕೊಡೆಯನ್ನು ಅಸಿಟೋನ್‌ನಿಂದ ಒರೆಸಿ, ಬಾಯಿ ಮೇಲೆ ಮಾಡಿ ಮೆತ್ತನೆಯ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿ, ಅಳತೆ ಹಾಳೆ ಅಡಿಗಿಡಿ. ಬಿಳಿಗೆ ಚೂರು ನೀಲಿ ಬೆರೆಸಿದ ಅಕ್ರಿಲಿಕ್, ಸೊನ್ನೆ ನಂಬರಿನ ಕುಂಚ. ಗೆರೆ ಅರ್ಧ ಮಿ.ಮೀ. ದಾಟದಿರಲಿ.

ಅಂಟಿಗೆ ಪ್ಯಾರಲಾಯ್ಡ್ ಬಿ-72 ಹರಳು 50 ಗ್ರಾಂ, ಅಸಿಟೋನ್ 100 ಮಿ.ಲೀ.; ಬಟ್ಟೆಯಲ್ಲಿ ಗಂಟು ಕಟ್ಟಿ ಮುಚ್ಚಿದ ಬಾಟಲಿಯಲ್ಲಿ ತೂಗುಬಿಟ್ಟರೆ ಒಂದು ರಾತ್ರಿಯಲ್ಲಿ ಕರಗುತ್ತದೆ. ಸಂಗ್ರಹಾಲಯಗಳಲ್ಲಿ ಗಾಜು ರಿಪೇರಿಗೆ ಬಳಸುವ ಅಂಟು ಇದೇ: ಹಳದಿಯಾಗುವುದಿಲ್ಲ, ತಪ್ಪಿದರೆ ಅಸಿಟೋನ್ ಹಚ್ಚಿ ಬಿಡಿಸಬಹುದು. ಅಂಗಡಿಯ ಎರಡು ಟ್ಯೂಬಿನ ಎಪಾಕ್ಸಿ ಗಟ್ಟಿ ಹಿಡಿಯುತ್ತದೆ ನಿಜ, ಆದರೆ ಕೆಲವು ವರ್ಷಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ತೆಗೆಯಲೂ ಬರುವುದಿಲ್ಲ. ಬ್ಲಾಷ್ಕಾ ಮಾದರಿಗಳು ಪ್ರಾಣಿಜನ್ಯ ಅಂಟಿನಿಂದ ಜೋಡಿಸಿದವು. ಅದು ಒಣಗಿ ಕುಗ್ಗಿದಂತೆ ಎಷ್ಟೋ ಕರಬಳ್ಳಿಗಳು ಕಳಚಿ ಬಿದ್ದವು.

ಬಿ-72ಕ್ಕೆ ಇರುವ ಕೊರತೆ ಒಂದೇ: 40 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಮಂಡ್ಯದ ಏಪ್ರಿಲ್ ಬಿಸಿಲು ಬೀಳುವ ಕಿಟಕಿ, ಬಲ್ಬು ಹಾಕಿದ ಮುಚ್ಚಿದ ಗಾಜಿನ ಪೆಟ್ಟಿಗೆ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ತೂಗುಹಾಕಿದ್ದರೆ ಅಂಟು ಎಳೆಯೆಳೆಯಾಗಿ ಜಾರಿ ತೋಳಿನ ಭಾಗ ಉದುರುತ್ತದೆ. ಕಂಬದ ಮೇಲೆ ಕೂತ ಕೊಡೆ ಸುಮಾರು 12 ಗ್ರಾಂ. ಭಾರ ಅಂಟನ್ನು ಒತ್ತುತ್ತದೆ, ಎಳೆಯುವುದಿಲ್ಲ.

ಮೊದಲು ಲಾಳಗಳನ್ನು ಒಳಮೈಗೆ ಅಂಟಿಸಿ, ಒಂದು ದಿನ ಒಣಗಿಸಿ. ಕಂಬವನ್ನು 6.5 ಮಿ.ಮೀ. ತೂತು ಕೊರೆದ ಮರದ ಪೀಠದಲ್ಲಿ ನಿಲ್ಲಿಸಿ, ಬಿಲ್ಲೆಯ ಮೇಲೆ ಒಂದು ಹನಿ ಅಂಟು ಹಾಕಿ ಕೊಡೆ ಇಳಿಸಿ. ತೋಳುಗಳು ಲಾಳಗಳ ಸಂದಿಗೆ ಬರುವಂತೆ ತಿರುಗಿಸಲು ನಿಮಗಿರುವುದು ಅರ್ಧ ನಿಮಿಷ. ಅಂಟಿನೊಳಗೆ ಬಿಳಿ ಗುಳ್ಳೆ ಬಂದರೆ ಅಸಿಟೋನ್ ಬೇಗ ಆವಿಯಾಗಿದೆ. ಫ್ಯಾನ್ ಆರಿಸಿ ಮತ್ತೆ ಮಾಡಿ.

ತರಗತಿಯಲ್ಲಿ

ಬೆನ್ನಿಗೆ ಕಪ್ಪು ಬಟ್ಟೆ, ಪಕ್ಕದಿಂದ ಎಲ್‌ಇಡಿ ಟಾರ್ಚ್. ಎದುರಿನಿಂದ ಬೆಳಕು ಬಿಟ್ಟರೆ ಹೊಳಪು ಮಾತ್ರ ಕಾಣುತ್ತದೆ, ನಾಳ ಕಾಣುವುದಿಲ್ಲ. ಕೈಯಿಂದ ಕೈಗೆ ದಾಟಿಸದೆ ತಿರುಗುವ ಮಣೆಯ ಮೇಲಿಟ್ಟು, ಹೆಸರು ಹೇಳುವ ಮೊದಲೇ ಎಣಿಸಲು ಬಿಡಿ. ಎಷ್ಟು ಕಡೆ ಕತ್ತರಿಸಿದರೆ ಎರಡು ಸಮಭಾಗ ಸಿಗುತ್ತದೆ ಎಂದು ಕೇಳಿದರೆ ಅರೀಯ ಸಮಮಿತಿಯ ಪಾಠ ಅರ್ಧ ಮುಗಿದಂತೆ. ಆಮೇಲೆ ಮಾದರಿಯನ್ನು ಬಗ್ಗಿ ಕೆಳಗಿನಿಂದ ನೋಡಿ, ಮನಸ್ಸಿನಲ್ಲೇ ತಲೆಕೆಳಗು ಮಾಡಿಕೊಳ್ಳಲು ಹೇಳಿ: ಬಾಯಿ ಮೇಲೆ, ಸುತ್ತ ಕರಬಳ್ಳಿ. ಅಡಾಮ್ಸಿಯದ ಚಿತ್ರ ಪಕ್ಕಕ್ಕಿಟ್ಟರೆ ಎರಡೂ ಒಂದೇ ವಂಶ ಏಕೆಂದು ಅವರೇ ಹೇಳುತ್ತಾರೆ.

ಧೂಳಿಗೆ ಮೆತ್ತನೆಯ ಜಲವರ್ಣದ ಕುಂಚ, ಬುಡದಿಂದ ತುದಿಯ ಕಡೆಗೆ. ಒರೆಸಲೇಬೇಕಾದರೆ ಹೊರಮೈಯನ್ನು ಮಾತ್ರ, ಹತ್ತಿಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿ. ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಗಾಜಿನ ಮೇಲೆ ಬಿಳಿ ಕಲೆಯಾಗುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಒಳಗಿನ ಅಕ್ರಿಲಿಕ್ಕನ್ನು ಎಬ್ಬಿಸುತ್ತದೆ.

ಮೈಸೂರಿನಿಂದ ಮಂಡ್ಯದ ಶಾಲೆಗೋ ಪ್ರದರ್ಶನಕ್ಕೋ ಒಯ್ಯುವಾಗ ಪೀಠವನ್ನು ಮರದ ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಕರಬಳ್ಳಿಗಳ ನಡುವೆ ಹತ್ತಿ ತುರುಕಬೇಡಿ. ಹಾಕುವಾಗ ಏನೂ ಆಗುವುದಿಲ್ಲ, ತೆಗೆಯುವಾಗ ನೂಲಿನ ಜೊತೆ ಎಳೆಯೂ ಬರುತ್ತದೆ. ಸುತ್ತ ಖಾಲಿ ಬಿಟ್ಟು, ಪೆಟ್ಟಿಗೆಯ ಅಡಿಗೆ ಎರಡು ಅಂಗುಲ ಸ್ಪಂಜು ಕೊಡಿ. ಬಸ್ಸಿನಲ್ಲಾದರೆ ಹಿಂದಿನ ಸೀಟು ಬೇಡ, ಲಗೇಜು ಕ್ಯಾರಿಯರೂ ಬೇಡ. ಮುಂದಿನ ಸಾಲಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಿ. ಮುರಿದ ಎಳೆ ಸಿಕ್ಕರೆ ಎಸೆಯದೆ ಒಂದು ಚೀಟಿಯಲ್ಲಿ ಕಟ್ಟಿ, ಅಳತೆ ಹಾಳೆಯ ಎಷ್ಟನೆಯ ಗೆರೆಯ ಹತ್ತಿರದ್ದೆಂದು ಬರೆದು ಅದೇ ಪೆಟ್ಟಿಗೆಯಲ್ಲಿಡಿ. ಒಂದು ಹನಿ ಬಿ-72 ಸಾಕು, ಮತ್ತೆ ಕೂರುತ್ತದೆ.